ಯಾರಿಗೂ ಹೇಳದೆ ಒಂದು ಕೆಲಸ

ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಬರುವ ಅಕ್ಕ, ಅಣ್ಣಂದಿರೇ, ದೀನತೆ ಕಲಿಯಲು ನನಗೆ ಉಪಯೋಗವಾದ ಒಂದು ಅಭ್ಯಾಸ ಹೇಳುತ್ತೇನೆ. ವಾರಕ್ಕೊಂದು ಕೆಲಸ ಗುಟ್ಟಾಗಿ ಮಾಡಿ. ಪೂಜೆ ಮುಗಿದ ಮೇಲೆ ಕಸ ಎತ್ತುವುದು, ಹಬ್ಬದ ಊಟದ ನಂತರ ದೊಡ್ಡ ಪಾತ್ರೆ ತಿಕ್ಕುವುದು, ಇಂಥದ್ದು. ಫೋಟೊ, ಸ್ಟೇಟಸ್ ಬೇಡ. ಮನೆಯವರಿಗೂ ಹೇಳಬೇಡಿ. ಇದೇ ಕಷ್ಟದ ಭಾಗ. ಮೊದಲ ಸಲ ರಾತ್ರಿ ಮಲಗುವವರೆಗೂ ಯಾರಿಗಾದರೂ ಹೇಳಿಬಿಡಬೇಕು ಅನಿಸುತ್ತಿತ್ತು. ಹೊಗಳಿಕೆಯ ಆಸೆ ನನ್ನೊಳಗೆ ಎಷ್ಟು ಜಾಸ್ತಿ ಇದೆ ಅಂತ ಆಗಲೇ ಗೊತ್ತಾಯಿತು.

ಮದುವೆ ಊಟದಲ್ಲಿ ಕೊನೆಯ ಜಾಗ ಹಿಡಿಯಿರಿ ಅಂತ ಯೇಸುಸ್ವಾಮಿ ಬೈಬಲ್‌ನ ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಹೇಳಿದ್ದಾರೆ, ಅಲ್ವಾ? ಮುಂದಿನ ಮದುವೆಯಲ್ಲಿ ಮೊದಲ ಪಂಕ್ತಿಗೆ ನುಗ್ಗಬೇಡಿ. ವಯಸ್ಸಾದವರನ್ನು ಮೊದಲು ಕೂರಿಸಿ. ನೀರಿನ ಜಗ್ಗು ಹಿಡಿದು ಒಂದು ಸುತ್ತು ಬಡಿಸಿ, ಆಮೇಲೆ ಊಟಕ್ಕೆ ಕೂತುಕೊಳ್ಳಿ.