ಬರ್ನಿನಾ ದಾರಿ, ಅಕ್ಟೋಬರ್ ತಿಂಗಳು: ಸೀಟಿಗಿಂತ ಮೊದಲು ಊರು ಗೊತ್ತು ಮಾಡಿ

ಆಲ್ಪ್ಸ್ ರೈಲು ಪ್ರಯಾಣ ಎಂದ ಕೂಡಲೇ ಹೆಚ್ಚಿನವರು ಗಾಜಿನ ಚಾವಣಿಯ ಬೋಗಿಯಲ್ಲಿ ಸೀಟು ಹಿಡಿಯಲು ಓಡುತ್ತಾರೆ. ನಾನು ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಎಷ್ಟೋ ಸಲ ಕೈಬಿಟ್ಟೇಬಿಡುತ್ತೇನೆ. ಅಕ್ಟೋಬರಿನಲ್ಲಿ ಇಂಥ ಪ್ರಯಾಣ ಕೆಡುವುದು ಮೋಡದಿಂದ. ಮೂರು ತಿಂಗಳ ಹಿಂದೆ ಕಾದಿರಿಸಿದ ಸೀಟಿಗೆ ಆ ದಿನ ಬಿಸಿಲಿರುತ್ತದೋ ಇಲ್ಲವೋ ಯಾರೂ ಹೇಳಲಾರರು. ಅದಕ್ಕೇ ಮೊದಲು ದಾರಿಯ ಮೇಲೆ ಒಂದು ಊರು ಗೊತ್ತು ಮಾಡಿ, ಅಲ್ಲಿ ನಾಲ್ಕು ರಾತ್ರಿ ಉಳಿದು, ಬಾನು ತಿಳಿಯಾದ ದಿನ ರೈಲು ಹತ್ತುವುದು ನನ್ನ ಪದ್ಧತಿ.

ನಾನು ಆರಿಸಿಕೊಳ್ಳುವ ದಾರಿ ಸ್ವಿಟ್ಜರ್ಲೆಂಡಿನ ಕೂರ್‌ನಿಂದ ಇಟಲಿಯ ತಿರಾನೊವರೆಗಿನ ರೇಷಿಯನ್ ರೈಲ್ವೆಯ ಮೀಟರ್ ಗೇಜ್ ಮಾರ್ಗ. ಕೂರ್ ಕಡೆಯದು ಆಲ್ಬುಲಾ ಮಾರ್ಗ, ಆಚೆಯದು ಬರ್ನಿನಾ ಮಾರ್ಗ. ಎರಡೂ ಸೇರಿ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಡೀ ದಾರಿಯಲ್ಲಿ 55 ಸುರಂಗ, 196 ಸೇತುವೆ. ಬರ್ನಿನಾ ಮಾರ್ಗದ ಏರು ಗರಿಷ್ಠ ಶೇ 7. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಐವತ್ತು ಮೀಟರಿಗೆ ಒಂದು ಮೀಟರ್ ಏರಿದರೆ ಇಲ್ಲಿ ಹದಿನಾಲ್ಕು ಮೀಟರಿಗೇ ಒಂದು. ಅದೂ ಊಟಿ ರೈಲಿಗಿರುವಂಥ ಹಲ್ಲಿನ ಪಟ್ಟಿಯ ಆಸರೆ ಇಲ್ಲದೆ. ಸೇಂಟ್ ಮೊರಿಟ್ಜ್ 1775 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 2253 ಮೀಟರ್ ಎತ್ತರದ ಒಸ್ಪಿಜಿಯೊ ಬರ್ನಿನಾಕ್ಕೆ ಏರಿ, 429 ಮೀಟರಿನ ತಿರಾನೊಗೆ ಇಳಿಯುವುದು ಸುಮಾರು 61 ಕಿ.ಮೀ.ಗಳಲ್ಲಿ. ಈ ಎತ್ತರದ ವ್ಯತ್ಯಾಸವೇ ಶರತ್ಕಾಲದಲ್ಲಿ ಕೆಲಸಕ್ಕೆ ಬರುವುದು: ಮೇಲೆ ಬಣ್ಣ ಮುಗಿದಿದ್ದರೆ ಕೆಳಗೆ ಇನ್ನೂ ಇರುತ್ತದೆ.

ಬಣ್ಣ ಕೊಡುವುದು ಮುಖ್ಯವಾಗಿ ಲಾರ್ಚ್ ಮರ. ಸೂಜಿ ಎಲೆಯ ಮರವಾದರೂ ಚಳಿಗಾಲಕ್ಕೆ ಎಲೆ ಉದುರಿಸುತ್ತದೆ, ಉದುರಿಸುವ ಮೊದಲು ಪೂರ್ತಿ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಅದರ ಪಕ್ಕದಲ್ಲೇ ಬೆಳೆಯುವ ಅರೋಲಾ ಪೈನ್ ಹಸಿರಾಗಿಯೇ ನಿಲ್ಲುವುದರಿಂದ ಬೆಟ್ಟವೆಲ್ಲ ಎರಡು ಬಣ್ಣದ ನೇಯ್ಗೆಯಂತೆ ಕಾಣುತ್ತದೆ. ಮೇಲಿನ ಎಂಗಡಿನ್ ಕಣಿವೆಯಲ್ಲಿ, ಅಂದರೆ ಪೊಂಟ್ರೆಸಿನಾ, ಸಮೇಡನ್ ಸುತ್ತ, ಸಾಮಾನ್ಯವಾಗಿ ಅಕ್ಟೋಬರಿನ ಎರಡನೆಯ, ಮೂರನೆಯ ವಾರ ಇದಕ್ಕೆ ಒಳ್ಳೆಯ ಕಾಲ. ಒಂದು ಜೋರು ಗಾಳಿ ಬೀಸಿದರೆ ಎರಡು ದಿನದಲ್ಲಿ ಮರ ಬೋಳಾಗಬಹುದು. ಹಾಗಾದರೆ ಚಿಂತೆ ಬೇಡ, ತಿರಾನೊ ದಾರಿಯಲ್ಲಿರುವ ಪೊಸ್ಕಿಯಾವೊ ಕಡೆ ಇಳಿಯಿರಿ. ಬ್ರೂಸಿಯೊ ಸುತ್ತಲಿನ ಚೆಸ್ಟ್‌ನಟ್ ಮರಗಳು, ತಿರಾನೊ ಮೇಲಿನ ದ್ರಾಕ್ಷಿ ತೋಟಗಳು ತಡವಾಗಿ ಬಣ್ಣ ಬದಲಿಸುತ್ತವೆ.

ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದೆ ಸರಿಸುತ್ತಾರೆ. ತಿಂಗಳ ನಡುವೆ ಸಂಜೆ ಆರೂವರೆಯ ಆಸುಪಾಸಿನಲ್ಲಿ ಮುಳುಗುವ ಸೂರ್ಯ ಅದರ ನಂತರ ಐದು ಗಂಟೆ ದಾಟಿದ ಸ್ವಲ್ಪ ಹೊತ್ತಿಗೇ ಮರೆಯಾಗುತ್ತಾನೆ. ಇಕ್ಕಟ್ಟಿನ ಕಣಿವೆಗಳಲ್ಲಿ ನೆರಳು ಅದಕ್ಕೂ ಎಷ್ಟೋ ಮೊದಲು ಬೀಳುತ್ತದೆ. ಮಧ್ಯಾಹ್ನ ಮೂರರ ನಂತರದ ರೈಲಿನಲ್ಲಿ ನೋಟದ ಭಾಗವನ್ನು ಇಟ್ಟುಕೊಳ್ಳಬೇಡಿ.

ರೈಲುಗಳ ವಿಷಯ. ಜೆರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ಗೆ ಸುಮಾರು ಎಂಟು ಗಂಟೆ ಓಡುವ ಗ್ಲೇಸಿಯರ್ ಎಕ್ಸ್‌ಪ್ರೆಸ್ ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಓಡುವುದೇ ಇಲ್ಲ. ದಸರಾ ರಜೆ ಮುಗಿಸಿ ಹೋಗುವವರು ಎಡವುವುದು ಇಲ್ಲೇ. ಆ ದಾರಿಯೇ ಬೇಕೆಂದರೆ ಆಂಡರ್‌ಮಾಟ್, ಡಿಸೆಂಟಿಸ್‌ಗಳಲ್ಲಿ ಬದಲಿಸುತ್ತಾ ಸಾಮಾನ್ಯ ರೈಲುಗಳಲ್ಲಿ ಹೋಗಬಹುದು, ಹಳಿ ಅದೇ. ಬರ್ನಿನಾ ಎಕ್ಸ್‌ಪ್ರೆಸ್ ವರ್ಷವಿಡೀ ಓಡುತ್ತದೆ. ಕೂರ್‌ನಿಂದ ತಿರಾನೊಗೆ ನಾಲ್ಕು ಗಂಟೆಗೂ ತುಸು ಹೆಚ್ಚು. ಅದರಲ್ಲಿ ಸೀಟ್ ರಿಸರ್ವೇಶನ್ ಕಡ್ಡಾಯ. ರಿಸರ್ವೇಶನ್ ಬೇರೆ, ಟಿಕೆಟ್ ಬೇರೆ. ಆನ್‌ಲೈನ್‌ನಲ್ಲಿ ಬರೀ ರಿಸರ್ವೇಶನ್ ಹಣ ಕಟ್ಟಿ ‘ಟಿಕೆಟ್ ಆಯಿತು’ ಅಂದುಕೊಂಡವರು ಬೋಗಿಯಲ್ಲಿ ಪೂರ್ತಿ ದರ ತೆರಬೇಕಾಗುತ್ತದೆ. ಇಂತಿಷ್ಟು ದಿನ ಓಡಾಡಲು ಪ್ರವಾಸಿಗರು ಕೊಳ್ಳುವ ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ತಿರಾನೊವರೆಗಿನ ಟಿಕೆಟ್ ಅದರಲ್ಲಿ ಸೇರಿದೆ, ರಿಸರ್ವೇಶನ್ ಸೇರಿಲ್ಲ.

ಅದೇ ಹಳಿಯ ಮೇಲೆ ಕೂರ್–ಸೇಂಟ್ ಮೊರಿಟ್ಜ್ ನಡುವೆ ಗಂಟೆಗೊಂದು ಸಾಮಾನ್ಯ ರೈಲು ಇದೆ, ಸೇಂಟ್ ಮೊರಿಟ್ಜ್–ತಿರಾನೊ ನಡುವೆಯೂ ಹಗಲು ಹೊತ್ತು ಬಹುತೇಕ ಹಾಗೆಯೇ. ಇವಕ್ಕೆ ರಿಸರ್ವೇಶನ್ ಬೇಡ. ಯಾವ ನಿಲ್ದಾಣದಲ್ಲಾದರೂ ಇಳಿಯಿರಿ, ಮುಂದಿನದನ್ನು ಹತ್ತಿ. ನನಗೆ ಇವೇ ಹೆಚ್ಚು, ಕಾರಣ ಕಿಟಕಿ. ಗಾಜಿನ ಚಾವಣಿಯ ಬೋಗಿಯಲ್ಲಿ ಕಿಟಕಿ ತೆರೆಯುವುದಿಲ್ಲ, ಬಿಸಿಲಲ್ಲಿ ಎದುರು ಸೀಟಿನವರ ಬಿಳಿ ಜಾಕೆಟ್ ನಿಮ್ಮ ಪ್ರತಿ ಫೋಟೊದಲ್ಲೂ ಮೂಡುತ್ತದೆ. ಬರ್ನಿನಾದ ಸಾಮಾನ್ಯ ರೈಲಿನಲ್ಲಿ ಮುಂದಿನ ಹೊಸ ಘಟಕವನ್ನು ಬಿಟ್ಟು ಅದರ ಹಿಂದೆ ಹಳೆಯ ಬೋಗಿ ಜೋಡಿಸಿದ್ದರೆ ಅದನ್ನು ಹತ್ತಿ; ಮೇಲಂಚಿನಲ್ಲಿ ಹಿಡಿಗಳಿರುವ ಕಿಟಕಿ ಕಂಡರೆ ಅದು ಕೆಳಗೆ ಸರಿಯುತ್ತದೆ. ಆಲ್ಬುಲಾ ಕಡೆ ಆಲ್ವ್ರಾ ಎಂಬ ರೈಲುಗಳಲ್ಲಿ ಫೋಟೊ ತೆಗೆಯುವವರಿಗೆಂದೇ ತೆರೆಯುವ ಕಿಟಕಿಯ ಪುಟ್ಟ ಭಾಗವಿದೆ. ಕೈ, ತಲೆ ಹೊರಗೆ ಹಾಕಬೇಡಿ, ಸುರಂಗದ ಗೋಡೆಗೂ ಬೋಗಿಗೂ ಅಂತರ ತೀರಾ ಕಡಿಮೆ. ಮುಚ್ಚಿದ ಗಾಜಿನ ಹಿಂದೆಯೇ ಕೂರಬೇಕಾದರೆ ಕಪ್ಪು ಬಟ್ಟೆ ತೊಡಿ, ಲೆನ್ಸನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ.

ಸಾಮಾನ್ಯ ರೈಲಿನಲ್ಲಿ ಒಂದು ಎಚ್ಚರಿಕೆ: ಚಿಕ್ಕ ನಿಲ್ದಾಣಗಳಲ್ಲಿ ಬಹಳಷ್ಟು ‘ಕೇಳಿದರೆ ಮಾತ್ರ ನಿಲ್ಲುವ’ ನಿಲ್ದಾಣಗಳು. ಇಳಿಯುವುದಿದ್ದರೆ ಒಳಗೆ ಬಾಗಿಲ ಬಳಿಯ ಗುಂಡಿ ಒತ್ತಬೇಕು, ಹತ್ತುವುದಿದ್ದರೆ ಪ್ಲಾಟ್‌ಫಾರ್ಮಿನ ಗುಂಡಿ. ಒತ್ತದೆ ಸುಮ್ಮನೆ ನಿಂತರೆ ರೈಲು ನಿಮ್ಮ ಮುಂದೆಯೇ ಹಾದುಹೋಗುತ್ತದೆ, ಮುಂದಿನದು ಒಂದು ಗಂಟೆಗೆ.

ಟಿಕೆಟ್ ಲೆಕ್ಕಾಚಾರ ಹವಾಮಾನಕ್ಕೆ ಹೊಂದುವಂತಿರಬೇಕು. ದಿನವಿಡೀ ಓಡಾಡಲು ಬಿಡುವ ಸ್ವಿಸ್ ಸೇವರ್ ಡೇ ಪಾಸ್ ಆರು ತಿಂಗಳ ಮೊದಲಿಂದಲೇ ಸಿಗುತ್ತದೆ, ಬೇಗ ಕೊಂಡಷ್ಟೂ ಅಗ್ಗ. ಆದರೆ ಅದು ಒಂದೇ ದಿನಾಂಕಕ್ಕೆ ಅಂಟಿಕೊಂಡದ್ದು, ಮಳೆ ಬಂದರೆ ದುಡ್ಡು ಹೋಯಿತು. ಊರಿನಿಂದ ಊರಿಗೆ ಕೊಳ್ಳುವ ಮಾಮೂಲಿ ಟಿಕೆಟಿನ ದರ ಮಾತ್ರ ಮುಂಚೆ ಕೊಂಡರೂ ಒಂದೇ, ಹತ್ತುವ ಐದು ನಿಮಿಷ ಮೊದಲು ಕೊಂಡರೂ ಒಂದೇ. ಆದ್ದರಿಂದ ಒಂದೇ ಊರಲ್ಲಿ ನೆಲೆ ನಿಂತು ಓಡಾಡುವವರಿಗೆ ಒಂದು ತಿಂಗಳ ಹಾಫ್ ಫೇರ್ ಕಾರ್ಡ್ ಸಾಕು. ಬೆಳಿಗ್ಗೆ ಬಾನು ನೋಡಿ, ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪ್‌ನಲ್ಲಿ ಅರ್ಧ ದರಕ್ಕೆ ಟಿಕೆಟ್ ಕೊಳ್ಳಿ. ದಿನವೂ ದೂರದೂರ ಊರು ಬದಲಿಸುವವರಿಗೆ ಮಾತ್ರ 3, 4, 6, 8 ಅಥವಾ 15 ದಿನದ ಟ್ರಾವೆಲ್ ಪಾಸ್. ಅದೇ ಆ್ಯಪ್‌ನಲ್ಲಿ ಆ ದಿನಾಂಕ ಹಾಕಿ ನೋಡುವುದು ಇನ್ನೊಂದು ಕಾರಣಕ್ಕೂ ಬೇಕು: ಹಳಿ ದುರಸ್ತಿಯಿದ್ದರೆ ರೈಲಿನ ಜಾಗದಲ್ಲಿ ಬಸ್ಸಿನ ಚಿಹ್ನೆ ಇರುತ್ತದೆ.

ಜೂರಿಕ್‌ನಲ್ಲಿ ಮಂಜು ಕವಿದಿದೆ ಎಂದು ದಿನ ಕೈಬಿಡಬೇಡಿ. ಶರತ್ಕಾಲದಲ್ಲಿ ತಣ್ಣನೆಯ ಗಾಳಿ ತಗ್ಗಿನ ಬಯಲಲ್ಲಿ ಕುಳಿತು, ಬೆಚ್ಚನೆಯ ಗಾಳಿ ಮೇಲೆ ಮುಚ್ಚಳ ಹಾಕಿದಂತಾಗಿ ಮಂಜು ದಿನಗಟ್ಟಲೆ ಅಲ್ಲೇ ನಿಲ್ಲುತ್ತದೆ. ಅದೇ ಹೊತ್ತಿಗೆ ಮೇಲೆ ಬೆಟ್ಟದಲ್ಲಿ ಬಿಸಿಲು ಚೆಲ್ಲಿರುತ್ತದೆ. ಬೆಳಿಗ್ಗೆ ಬರ್ನಿನಾ ಘಾಟಿಯ ವೆಬ್‌ಕ್ಯಾಮ್ ನೋಡಿಯೇ ತೀರ್ಮಾನಿಸಿ.

ಉಳಿಯಲು ಪೊಂಟ್ರೆಸಿನಾ ಅಥವಾ ಸಮೇಡನ್. ಎರಡೂ ಮಾರ್ಗ ಕೈಗೆಟುಕುತ್ತವೆ. ಇದು ಬೇಸಿಗೆ ಮುಗಿದು ಸ್ಕೀಯಿಂಗ್ ಶುರುವಾಗದ ನಡುಗಾಲ. ಎಷ್ಟೋ ಹೋಟೆಲು, ಕೇಬಲ್ ಕಾರುಗಳು ದುರಸ್ತಿಗೆಂದು ಮುಚ್ಚಿರುತ್ತವೆ. ಮುಚ್ಚುವ ತಾರೀಕನ್ನು ಒಂದೊಂದಾಗಿ ನೋಡಿಕೊಳ್ಳಿ.

ತಿಳಿಯಾದ ದಿನದ ನನ್ನ ಕ್ರಮ ಹೀಗೆ. ಪೊಂಟ್ರೆಸಿನಾದಿಂದ ಎಂಟು, ಒಂಬತ್ತರ ಹೊತ್ತಿನ ರೈಲು, ಬಲಗಡೆಯ ಸೀಟು. ಮೊರ್ಟೆರಾಚ್ ಹಿಮನದಿ, ಆಮೇಲೆ ಲಾಗೊ ಬಿಯಾಂಕೊ ಸರೋವರ, ಎರಡೂ ಬಲಕ್ಕೆ. ಒಸ್ಪಿಜಿಯೊ ಬರ್ನಿನಾದಲ್ಲಿ ಇಳಿಯಿರಿ. ಇಲ್ಲಿ ನೀರು ಎರಡು ಪಾಲಾಗುತ್ತದೆ: ಲಾಗೊ ಬಿಯಾಂಕೊದ್ದು ಪೋ ನದಿಯ ಮೂಲಕ ಏಡ್ರಿಯಾಟಿಕ್ ಸಮುದ್ರಕ್ಕೆ, ಪಕ್ಕದ ಪುಟ್ಟ ಲೇ ನಾಯರ್‌ನದ್ದು ಇನ್, ಡ್ಯಾನ್ಯೂಬ್ ನದಿಗಳಲ್ಲಿ ಹರಿದು ಕಪ್ಪು ಸಮುದ್ರಕ್ಕೆ. ಸರೋವರದ ದಂಡೆ ಹಿಡಿದು 2091 ಮೀಟರ್ ಎತ್ತರದ ಆಲ್ಪ್ ಗ್ರೂಮ್‌ಗೆ ನಡೆಯಲು ಎರಡು ಗಂಟೆ ಇಟ್ಟುಕೊಳ್ಳಿ. ಹಿಮ ಬಿದ್ದಿದ್ದರೆ ನಡಿಗೆ ಬಿಟ್ಟು ರೈಲಿನಲ್ಲೇ ಹೋಗಿ. ಆಲ್ಪ್ ಗ್ರೂಮ್ ಎದುರಿನ ಪಾಲೂ ಹಿಮನದಿ ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಮಧ್ಯಾಹ್ನ ಮಾಡಿಕೊಂಡು ಬಂದರೆ ಕಣ್ಣಿಗೆ ಹೊಡೆಯುವ ಬೆಳಕಷ್ಟೇ ಸಿಗುತ್ತದೆ.

ಅಲ್ಲಿಂದ ಇಳಿಜಾರು. ರೈಲು ಹಾವಿನಂತೆ ಸುತ್ತುತ್ತಾ ಇಳಿಯುವಾಗ ಪೊಸ್ಕಿಯಾವೊ ಊರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತದೆ. ಪೊಸ್ಕಿಯಾವೊ ದಾಟಿದ ಮೇಲೆ ಸರೋವರ ಎಡಗಡೆ, ಹಾಗಾಗಿ ಸೀಟು ಬದಲಿಸಿ. ಬ್ರೂಸಿಯೊದಲ್ಲಿ ಕಲ್ಲಿನ ಕಮಾನು ಸೇತುವೆಯ ಮೇಲೆ ರೈಲು ಬಯಲಲ್ಲೇ ಪೂರ್ತಿ ಒಂದು ಸುತ್ತು ಹಾಕಿ ತನ್ನದೇ ಹಳಿಯ ಕೆಳಗೆ ತೂರಿಹೋಗುತ್ತದೆ. ಹಿಂದಿನ ಬೋಗಿಯಲ್ಲಿ ಕುಳಿತರೆ ರೈಲಿನ ಮುಂಭಾಗ ಕಾಣುತ್ತದೆ.

ಆಲ್ಬುಲಾ ಕಡೆಗೆ ಇನ್ನೊಂದು ದಿನ. ಕೂರ್‌ನಿಂದ ಬರುವಾಗ 65 ಮೀಟರ್ ಎತ್ತರದ ಲಾಂಡ್‌ವಾಸರ್ ಸೇತುವೆಗೆ ಬಲಗಡೆ ಕೂರಬೇಕು. ಸೇತುವೆ ಮುಗಿದದ್ದೇ ಬಂಡೆಯೊಳಗಿನ ಸುರಂಗ, ಕೆಲವು ಸೆಕೆಂಡುಗಳ ಆಟ. ಹೊರಗಿನಿಂದ ನೋಡಬೇಕೆಂದರೆ ಫಿಲಿಸೂರ್‌ನಲ್ಲಿ ಇಳಿದು ನಡೆದು ಹೋಗಿ. ಬೆರ್ಗ್ಯೂನ್‌ನಿಂದ ಪ್ರೇಡಾಕ್ಕೆ 416 ಮೀಟರ್ ಏರಲು ಹಳಿ ಬೆಟ್ಟದೊಳಗೆ ಸುರುಳಿ ಸುತ್ತುತ್ತದೆ, ಅಲ್ಲಿ ಎಡ ಬಲ ಲೆಕ್ಕಕ್ಕಿಲ್ಲ.

ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿಂದ ಹಾಕಬಹುದು. ಸ್ವಿಟ್ಜರ್ಲೆಂಡ್, ಇಟಲಿ ಎರಡೂ ಒಂದೇ ವೀಸಾ ನಡೆಯುವ ಷೆಂಗನ್ ವ್ಯಾಪ್ತಿಯವು. ಸಿಂಗಲ್ ಎಂಟ್ರಿ ವೀಸಾದಲ್ಲೇ ತಿರಾನೊಗೆ ಹೋಗಿಬರಬಹುದು, ಪಾಸ್‌ಪೋರ್ಟ್ ಮಾತ್ರ ಜೇಬಿನಲ್ಲಿರಲಿ. ಧಾರವಾಡ ಪೇಡ, ತುಪ್ಪ ಕಟ್ಟಿಕೊಳ್ಳಬೇಡಿ: ಭಾರತದಿಂದ ಹಾಲಿನ ಪದಾರ್ಥ ಒಯ್ಯುವುದು ಅಲ್ಲಿ ನಿಷಿದ್ಧ. ಚಟ್ನಿಪುಡಿ, ಚಕ್ಕುಲಿಗೆ ತೊಂದರೆಯಿಲ್ಲ, ಎಣ್ಣೆಯಲ್ಲಿ ಮಾಡಿದ್ದಾದರೆ. ಸಸ್ಯಾಹಾರಿಗಳು ತಿರಾನೊದಲ್ಲಿ ಪಿಜೊಕೆರಿ ಕೇಳಿ. ಬಕ್‌ವೀಟ್ ಹಿಟ್ಟಿನ ಪಾಸ್ತಾಕ್ಕೆ ಕೋಸು, ಆಲೂಗಡ್ಡೆ, ಚೀಸ್, ಬೆಣ್ಣೆ ಹಾಕಿದ್ದು.

ತಿರಾನೊದಲ್ಲಿ ಸ್ವಿಸ್ ಮತ್ತು ಇಟಲಿಯ ನಿಲ್ದಾಣಗಳು ಒಂದೇ ಚೌಕದಲ್ಲಿವೆ. ಮಿಲಾನ್‌ಗೆ ಇಟಲಿಯ ರೈಲಿನಲ್ಲಿ ಎರಡೂವರೆ ಗಂಟೆ, ಅದರಲ್ಲಿ ಸ್ವಿಸ್ ಪಾಸ್ ನಡೆಯುವುದಿಲ್ಲ. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲವಾದರೆ ದಂಡ. ಆ ದಾರಿಯಲ್ಲಿ ಕೊಮೊ ಸರೋವರ ಬಲಗಡೆ.