ಎರೆಮಣ್ಣಿನ ಮೇಲೆ ಕಟ್ಟೆ, ಕಟ್ಟೆಯ ಮುಂದೆ ಕೈತೋಟ

ಕಲಬುರಗಿಯ ಹಳೆಯ ಓಣಿಗಳ ಮನೆಗಳಲ್ಲಿ ಹಿಂಬಾಗಿಲು ತೆರೆದರೆ ಫರಸಿ (ಶಹಾಬಾದಿನ ಚಪ್ಪಡಿ ಕಲ್ಲು) ಹಾಸಿದ ಕಟ್ಟೆ ಸಿಗುತ್ತದೆ. ಬೆಳಿಗ್ಗೆ ಪಾತ್ರೆ, ಮಧ್ಯಾಹ್ನ ಹಪ್ಪಳ ಸಂಡಿಗೆ, ಸಂಜೆ ಮಾತುಕತೆ, ಬೇಸಿಗೆಯ ರಾತ್ರಿ ನೀರು ಚಿಮುಕಿಸಿ ಹಾಸಿಗೆ. ಬ್ರಹ್ಮಪುರದ ನಮ್ಮ ಮನೆಯ ಕಟ್ಟೆ 18 ಅಡಿ ಉದ್ದ, 10 ಅಡಿ ಅಗಲ. ಮಾವನವರ ತಂದೆ ಕಟ್ಟಿಸಿದ್ದು. ಅದು ನಡುವೆ ತಗ್ಗಿ, ಒಣಗಿದ ಕಟಿ ರೊಟ್ಟಿಯಂತೆ ಅಂಚು ಮೇಲೆದ್ದು, ಗೋಡೆ ಕೂಡುವಲ್ಲಿ ಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು. 2020ರ ಅಕ್ಟೋಬರಿನ ಮಳೆಯಲ್ಲಿ ನೀರು ಕಟ್ಟೆಯ ಮೇಲೆ ನಿಂತು ಹಿಂಬಾಗಿಲ ಹೊಸ್ತಿಲು ಮುಟ್ಟಿತು. ಇನ್ನು ತಡಮಾಡುವುದು ಬೇಡ ಎಂದು ಅತ್ತೆಯವರೂ ಹೇಳಿದರು.

ಬಂದು ನೋಡಿದವರೆಲ್ಲ ಕೊಟ್ಟ ಸಲಹೆ ಒಂದೇ: ಫರಸಿ ಕಿತ್ತುಹಾಕಿ ಕಾಂಕ್ರೀಟ್ ಹಾಕಿಸಿ, ಮೇಲೆ ಟೈಲ್ಸ್ ಕೂರಿಸಿ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಕಲ್ಲುಗಳು ಹೆಚ್ಚುಕಡಿಮೆ ಎಲ್ಲವೂ ಗಟ್ಟಿಯಾಗಿದ್ದವು. ಕೆಟ್ಟದ್ದು ಕೆಳಗಿನ ನೆಲ, ನೆಲವನ್ನು ಕೆಡಿಸಿದ್ದು ನೀರು. ಅದನ್ನು ಸರಿಪಡಿಸದೆ ಮೇಲೆ ಏನು ಹಾಸಿದರೂ ನಾಲ್ಕು ಮಳೆಗಾಲ ಬಾಳುವುದಿಲ್ಲ ಎಂಬುದು ನನ್ನ ನಂಬಿಕೆ.

ನಮ್ಮ ಕಡೆಯ ಎರೆಮಣ್ಣಿನ ಗುಣ ಗೊತ್ತಿರುವುದೇ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಎಲ್ಲ ಕಡೆ ಒಂದೇ ಸಮ ಉಬ್ಬಿ ಒಂದೇ ಸಮ ಕುಗ್ಗಿದರೆ ಮನೆಗೆ ಅಷ್ಟೇನೂ ಪೆಟ್ಟಿಲ್ಲ. ಒಂದು ಬದಿ ಸದಾ ಹಸಿ, ಇನ್ನೊಂದು ಬದಿ ಸದಾ ಒಣ ಇದ್ದರೆ ಮಾತ್ರ ಗೋಡೆ ಬಿರಿಯುತ್ತದೆ, ಹಾಸು ಏಳುತ್ತದೆ. ನಾನು ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗೆರೆ ಎಳೆದು ಒಂದು ವರ್ಷ ಗಮನಿಸಿದೆ. ಮೇ ತಿಂಗಳಲ್ಲಿ ಅಗಲವಾಗಿ ತೆರೆದುಕೊಂಡದ್ದು ಸೆಪ್ಟೆಂಬರಿನಲ್ಲಿ ಬಹುಪಾಲು ಮುಚ್ಚಿಕೊಂಡಿತು. ಮಾಳಿಗೆಯ ನೀರು ಬೀಳುವ ಮೂಲೆಯಲ್ಲಿ ಮತ್ತು ಗೋಡೆಗೆ ಒತ್ತಿಕೊಂಡೇ ಮಾಡಿದ್ದ ಹೂವಿನ ಪಾತಿಯ ಹತ್ತಿರ ಈ ಆಟ ಎಲ್ಲಕ್ಕಿಂತ ಜೋರಾಗಿತ್ತು. ಹಾಗಾಗಿ ಕಲ್ಲಿನ ಕೆಲಸಕ್ಕೂ ಗಿಡದ ಕೆಲಸಕ್ಕೂ ಮುಂಚೆ ನೀರಿನ ದಾರಿಯನ್ನು ಗೊತ್ತುಮಾಡಿದೆ.

ಲೆಕ್ಕ ಸರಳ. ಹಿತ್ತಲ ಕಡೆಗೆ ಇಳಿಯುವ ಮಾಳಿಗೆ ಸುಮಾರು 600 ಚದರಡಿ. 50 ಮಿಲಿಮೀಟರಿನ ಒಂದು ಜೋರು ಮಳೆಗೆ ಅಲ್ಲಿಂದ ಎರಡೂವರೆ ಸಾವಿರ ಲೀಟರಿಗಿಂತ ಹೆಚ್ಚು ನೀರು ಧುಮುಕುತ್ತದೆ. ಅಷ್ಟೂ ಗೋಡೆಯ ಬುಡಕ್ಕೆ ಸುರಿಯುತ್ತಿತ್ತು. ಈಗ ಪೈಪಿನಲ್ಲಿ ಹಿಡಿದು ಮೊದಲು ಒಂದು ಸಾವಿರ ಲೀಟರಿನ ತೊಟ್ಟಿಗೆ, ಅದು ತುಂಬಿದ ಮೇಲೆ ಹಿತ್ತಲ ದೂರದ ಅಂಚಿನ ಕಾಲುವೆಗೆ ಬಿಟ್ಟಿದ್ದೇನೆ. ಮನೆಯ ಹತ್ತಿರವೇ ಇಂಗುಗುಂಡಿ ತೋಡಿಸಿ ಎಂದವರಿದ್ದಾರೆ. ಒಮ್ಮೆ ಉಬ್ಬಿಕೊಂಡ ಎರೆಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುವುದಿಲ್ಲ. ಗುಂಡಿ ತುಂಬಿ ನಿಂತು ಅದೇ ಪಾಯಕ್ಕೆ ಕಂಟಕವಾಗುತ್ತದೆ.

ಕಟ್ಟೆ ಬಿಚ್ಚುವ ಕೆಲಸಕ್ಕೆ ಶಹಾಬಜಾರಿನ ಒಬ್ಬ ಹಿರಿಯ ಗೌಂಡಿ ಸಿಕ್ಕರು. ಸುಣ್ಣದ ಗಾರೆಯ ಕೆಲಸ ಗೊತ್ತಿದ್ದವರು. ಮೊದಲ ದಿನವೇ ಫರಸಿಯ ಮೇಲೆ ಕರಣಿಯ ಹಿಡಿಯಿಂದ ತಟ್ಟುತ್ತ ಹೋದರು. ಗಟ್ಟಿ ಕಲ್ಲು ಟಣ್ ಎನ್ನುತ್ತದೆ, ಒಳಗೆ ಪದರು ಬಿಟ್ಟದ್ದು ಡಬ್ ಎನ್ನುತ್ತದೆ. ಡಬ್ ಎಂದವಕ್ಕೆ ಇದ್ದಿಲಿನಿಂದ ಗುಣಾಕಾರದ ಗುರುತು ಹಾಕಿ, ಉಳಿದವನ್ನು ತೋರಿಸಿ, “ಇವನ್ನು ಒಡೆಸಬೇಡವ್ವ. ಎರಡು ಇಂಚು ದಪ್ಪದ ಕಲ್ಲು, ಕೈಯಿಂದ ಕೆತ್ತಿದ ಅಂಚು. ಇನ್ನೊಂದು ತಲೆಮಾರಿಗೆ ಬರುತ್ತದೆ” ಎಂದರು. ನಾನು ಪ್ರತಿ ಕಲ್ಲಿಗೂ ಅಂಕಿ ಬರೆದು ನೋಟ್‌ಬುಕ್ಕಿನಲ್ಲಿ ನಕ್ಷೆ ಇಳಿಸಿಕೊಂಡೆ. ಕೈಯಿಂದ ಕೆತ್ತಿದ ಕಲ್ಲುಗಳ ಅಳತೆ ಒಂದರಂತೆ ಒಂದಿರುವುದಿಲ್ಲ. ಅಂಕಿ ಇಲ್ಲದಿದ್ದರೆ ಮತ್ತೆ ಹೊಂದಿಸುವಾಗ ಅರ್ಧ ದಿನದ ಕೆಲಸಕ್ಕೆ ಎರಡು ದಿನ ಹೋಗುತ್ತದೆ, ಜೊತೆಗೆ ಕಂಡಕಂಡಲ್ಲಿ ಕತ್ತರಿಸುವ ಆಸೆಯೂ ಹುಟ್ಟುತ್ತದೆ.

ಕೆಳಗೆ ಎರಡು ಅಡಿ ಎರೆಮಣ್ಣು ತೆಗೆಸಿ ಮೊರಂ (ಹರಳು ಮಿಶ್ರಿತ ಗರಸು ಮಣ್ಣು) ತುಂಬಿಸಿದೆವು. 180 ಚದರಡಿಗೆ ಎರಡು ಅಡಿ ಆಳ ಎಂದರೆ 360 ಘನ ಅಡಿ, ಅಂದರೆ ಬ್ರಾಸಿಗೆ 100 ಘನ ಅಡಿಯಂತೆ ಮೂರೂವರೆ ಬ್ರಾಸ್‌ಗಿಂತ ತುಸು ಹೆಚ್ಚು. ದಮ್ಮಸು ಹೊಡೆದಾಗ (ಬಡಿದು ಗಟ್ಟಿಮಾಡಿದಾಗ) ಮೊರಂ ಕೂರುವುದರಿಂದ ನಾಲ್ಕೂವರೆ ಬ್ರಾಸ್ ತರಿಸಬೇಕು. ಅರ್ಧರ್ಧ ಅಡಿಯ ಪದರಾಗಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರಿಗೂ ದಮ್ಮಸು ಹೊಡೆಯಬೇಕು. ಎರಡು ಅಡಿಯನ್ನೂ ಒಮ್ಮೆಲೇ ಸುರಿದು ಮೇಲಿನಿಂದ ಬಡಿದರೆ ಕೆಳಗಿನದು ಸಡಿಲವಾಗಿಯೇ ಉಳಿಯುತ್ತದೆ.

ಇಲ್ಲಿ ಬಹಳ ಜನ ಬಿಟ್ಟುಬಿಡುವ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಎರೆಯಲ್ಲಿ ತೋಡಿದ ಗುಂಡಿಗೆ ಮೊರಂ ತುಂಬಿದಾಗ ಅದು ನಾಲ್ಕೂ ಕಡೆ ಜಿಗುಟು ಮಣ್ಣಿನ ಗೋಡೆಯುಳ್ಳ ತೊಟ್ಟಿಯಾಗುತ್ತದೆ. ಮೇಲಿನಿಂದ ಸೋರಿದ ನೀರು ಮೊರಂ ಒಳಗೆ ಇಳಿದು ಅಲ್ಲೇ ನಿಂತು ಸುತ್ತಲಿನ ಎರೆಯನ್ನು ತಿಂಗಳುಗಟ್ಟಲೆ ನೆನೆಸುತ್ತದೆ. ಆದ್ದರಿಂದ ಗುಂಡಿಯ ತಳವನ್ನೇ ತೋಟದ ಕಡೆಗೆ ಇಳಿಜಾರು ಮಾಡಿಸಿ, ಕೆಳ ಅಂಚಿನಲ್ಲಿ ತೂತು ಕೊರೆದ ನಾಲ್ಕು ಇಂಚಿನ ಪಿವಿಸಿ ಪೈಪನ್ನು ಖಡಿಯ (ಜಲ್ಲಿಕಲ್ಲಿನ) ನಡುವೆ ಮಲಗಿಸಿ, ಅದರ ಬಾಯಿಯನ್ನು ಹಿತ್ತಲ ಕಾಲುವೆಗೆ ತೆರೆದೆವು. ಮೊರಂ ಆರಿಸುವಾಗಲೂ ತುಸು ಜಿಗುಟಿರುವುದನ್ನೇ ತೆಗೆದುಕೊಂಡೆವು. ಬರೀ ಹರಳಾದರೆ ದಮ್ಮಸಿಗೆ ಕೂರುವುದಿಲ್ಲ. ಈ ಪೈಪಿಗೆ ಆದ ಖರ್ಚು ಇಡೀ ಕೆಲಸದಲ್ಲಿ ಅತಿ ಕಡಿಮೆ, ಅದರಿಂದಾದ ಲಾಭ ಅತಿ ಹೆಚ್ಚು.

ಕಲ್ಲು ಕೂರಿಸಲು ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ), ಮರಳಿನ ಗಾರೆ. ಸುಣ್ಣವನ್ನು ಮುಂಚೆಯೇ ಅರಳಿಸಿ ನೀರಿನಡಿ ಕೊಳೆಹಾಕಿದ್ದೆವು. ಸಿಮೆಂಟ್ ಏಕೆ ಬೇಡ ಎಂದರೆ, ಅದು ಸುಣ್ಣಕ್ಕಿಂತ ಬಿರುಸಾಗಿ ಹಿಡಿದುಕೊಳ್ಳುತ್ತದೆ; ನೆಲ ಕೂದಲೆಳೆಯಷ್ಟು ಅಲುಗಿದರೂ ಕಲ್ಲೇ ಒಡೆಯುತ್ತದೆ. ಸುಣ್ಣದ ಸಂದು ತಾನು ಬಿರಿದು ಕಲ್ಲನ್ನು ಉಳಿಸುತ್ತದೆ, ವರ್ಷಕ್ಕೊಮ್ಮೆ ಅಲ್ಲಲ್ಲಿ ತುಂಬಿದರೆ ಸಾಕು. ಗೋಡೆಯಿಂದ ತೋಟದ ಕಡೆಗೆ 10 ಅಡಿಗೆ ಒಂದೂವರೆ ಇಂಚು ಇಳಿಜಾರು ಕೊಟ್ಟಿದ್ದೇವೆ. ನೀರು ತುಂಬಿದ ಲೆವೆಲ್ ಪೈಪು ಮತ್ತು ದಾರದಿಂದಲೇ ಅಳೆದದ್ದು. ಕಟ್ಟೆಗೂ ಗೋಡೆಗೂ ನಡುವೆ ಅರ್ಧ ಇಂಚು ಬಿಟ್ಟು, ಮರಳು ತುಂಬಿ, ಮೇಲೆ ಡಾಂಬರು ಎಳೆದೆವು. ಎರಡೂ ತಮ್ಮಷ್ಟಕ್ಕೆ ಅಲುಗಾಡಲಿ, ಒಂದನ್ನೊಂದು ಎಳೆದಾಡುವುದು ಬೇಡ. ನಮ್ಮ ಬಿಸಿಲಿಗೆ ಸುಣ್ಣದ ಗಾರೆ ಬೇಗ ಒಣಗಿ ಪುಡಿಯಾಗುತ್ತದೆ, ಹಾಗಾಗಿ ಹಸಿ ಗೋಣಿಚೀಲ ಹೊದಿಸಿ ಹತ್ತು ಹನ್ನೆರಡು ದಿನ ನೀರುಣಿಸಬೇಕು. ಆ ಪಾಳಿಯನ್ನು ಅತ್ತೆಯವರೇ ವಹಿಸಿಕೊಂಡಿದ್ದರು. ಒಂದು ಹೊತ್ತೂ ತಪ್ಪಲಿಲ್ಲ.

ಕಡಿಮೆ ಬಿದ್ದ ಕಲ್ಲಿಗೆ ಶಹಾಬಾದಿಗೆ ಹೋಗಿ ಬಂದೆ. ಹಾಸಿನ ಮೇಲ್ಮೈಗೆ ಪಾಲಿಶ್ ಮಾಡಿದ್ದು ಬೇಡವೇ ಬೇಡ, ನೀರು ಬಿದ್ದರೆ ಕಾಲು ಜಾರುತ್ತದೆ. ಪದರಿನಿಂದ ಹಾಗೇ ಎದ್ದು ಬಂದ ಒರಟು ಮುಖ ಮೇಲಿರಲಿ. ಇನ್ನೊಂದು ಮಾತು: ಇದು ಸುಣ್ಣಕಲ್ಲು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೇ ಈ ಸೀಮೆಯ ಸುಣ್ಣಕಲ್ಲಿನ ಮೇಲೆ. ಬಚ್ಚಲಿಗೆ ಹಾಕುವ ಆ್ಯಸಿಡ್ ಬಿದ್ದರೆ ಮೈ ಬುರುಗೆದ್ದು ಸವೆಯುತ್ತದೆ. ಹುಣಸೆ ಹುಳಿ, ನಿಂಬೆರಸ ರಾತ್ರಿಯಿಡೀ ನಿಂತರೂ ಕಲೆ ಉಳಿಯುತ್ತದೆ. ಸೋಪಿನ ನೀರು, ತೆಂಗಿನ ನಾರಿನ ಬ್ರಷ್ ಸಾಕು.

ಕಟ್ಟೆಗೆ ನೆರಳಾಗಿ ಮೇಲೆ ಹಾಕಿದ್ದ ತಗಡನ್ನು ಇಳಿಸಿದೆವು, ಹಗಲಲ್ಲಿ ಅದರಡಿ ಕೂರುವಂತಿರಲಿಲ್ಲ. ತೇಗದ ಕಂಬಗಳ ಬುಡವನ್ನು ಮಾತ್ರ ಗೆದ್ದಲು ತಿಂದಿತ್ತು. ಬಡಿಗೇರರು ಕೊಳೆತ ಭಾಗ ಕತ್ತರಿಸಿ, ಅಷ್ಟೇ ಎತ್ತರದ ಬುಡಗಲ್ಲು ಕೊಟ್ಟು, ಕಂಬ ಮಣ್ಣು ಮುಟ್ಟದಂತೆ ನಿಲ್ಲಿಸಿದರು. ಮೇಲೆ ಈಗ ಬಿದಿರಿನ ತಟ್ಟಿ, ಅದರ ಮೇಲೆ ಮಧುಮಾಲತಿಯ ಬಳ್ಳಿ.

ತೋಟದ ನಕ್ಷೆ ಬರೆದದ್ದು ನೆರಳು ನೋಡಿ. ನಮ್ಮ ಹಿತ್ತಲು ಉತ್ತರಕ್ಕಿದೆ. ಉತ್ತರದ ಹಿತ್ತಲು ಸದಾ ತಂಪು ಎಂಬ ಮಾತು ಕಲಬುರಗಿಯಲ್ಲಿ ಅರ್ಧ ಮಾತ್ರ ನಿಜ. ನಾವಿರುವುದು 17.3 ಡಿಗ್ರಿ ಅಕ್ಷಾಂಶದಲ್ಲಿ. ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಸಂಜೆ ವಾಯವ್ಯದ ಕಡೆಗೆ ಮುಳುಗುತ್ತಾನೆ. ಬೇಸಿಗೆಯ ಬಿಸಿಲು ಕಟ್ಟೆಗೆ ನುಗ್ಗುವುದು ಆ ಮೂಲೆಯಿಂದಲೇ. ಡಿಸೆಂಬರಿನಲ್ಲಿ ಇದಕ್ಕೆ ತದ್ವಿರುದ್ಧ: 12 ಅಡಿ ಎತ್ತರದ ಗೋಡೆಯ ನೆರಳು ನಡುಹಗಲಿನಲ್ಲೂ 10 ಅಡಿಯವರೆಗೆ ಚಾಚುತ್ತದೆ. ಸುಣ್ಣದ ಕಡ್ಡಿಯಿಂದ ಬೇರೆಬೇರೆ ತಿಂಗಳಲ್ಲಿ ನೆರಳಿನ ಗೆರೆ ಎಳೆದುಕೊಂಡರೆ ಎಲ್ಲಿ ಏನು ನೆಡಬೇಕೆಂದು ಯಾರನ್ನೂ ಕೇಳಬೇಕಿಲ್ಲ. ಹಾಗೆ ವಾಯವ್ಯದಲ್ಲಿ ಸೀತಾಫಲ ಮತ್ತು ದಾಳಿಂಬೆ, ಚಳಿಗಾಲದ ಸೊಪ್ಪಿನ ಪಾತಿಗಳು ಗೋಡೆಯಿಂದ 15 ಅಡಿ ಆಚೆಗೆ ಎಂದು ಗೊತ್ತಾಯಿತು. ನುಗ್ಗೆ ಬೇಲಿಯಂಚಿಗೆ ಹೋಯಿತು. ಅದರ ಕೊಂಬೆ ಗಾಳಿಗೆ ಮುರಿಯುತ್ತದೆ. ಹಳೆಯ ಬೇವು ಇದ್ದಲ್ಲೇ ಇದೆ, ಅದನ್ನು ಮುಟ್ಟುವ ಯೋಚನೆ ಯಾರೂ ಮಾಡಲಿಲ್ಲ. ಗೋಡೆಗೆ ತಾಗಿ ಯಾವ ಗಿಡವೂ ಇಲ್ಲ. ಗಿಡಕ್ಕೆ ಹಾಕಿದ ನೀರು ಪಾಯದ ಒಂದೇ ಕಡೆಯನ್ನು ನೆನೆಸುವುದು ಬೇಡ.

ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿದೆ. ನಿರೀಕ್ಷಿಸಿದಂತೆ ಕ್ಷಾರ ಹೆಚ್ಚು. ಇಂಥ ಮಣ್ಣಿನಲ್ಲಿ ಕಬ್ಬಿಣದಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ನಮ್ಮ ನಿಂಬೆಯ ಚಿಗುರಿನಲ್ಲಿ ಎಲೆಯ ನರ ಹಸಿರಾಗಿಯೇ ಉಳಿದು ನಡುವಿನ ಮೈ ಹಳದಿಗೆ ತಿರುಗುತ್ತಿದ್ದುದು ಅದಕ್ಕೇ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ತುಸು ನಿಂಬೆರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸುತ್ತೇನೆ, ಹೊಸ ಚಿಗುರು ಹಸಿರಾಗಿ ಬರುತ್ತಿದೆ. ಈ ಕಾರಣಕ್ಕೇ ಕಟ್ಟೆಯಿಂದ ಎದ್ದ ಹಳೆ ಗಾರೆಯ ಪುಡಿ, ಫರಸಿ ಚೂರುಗಳನ್ನು ಒಂದು ಬುಟ್ಟಿಯಷ್ಟೂ ಪಾತಿಗೆ ಬೀಳಗೊಡಲಿಲ್ಲ. ಮನೆ ದುರಸ್ತಿ ಮಾಡುವವರು ಆ ಕಸವನ್ನು ಹಿತ್ತಲಲ್ಲೇ ಹರಡಿಬಿಡುವುದು ವಾಡಿಕೆ; ಮೊದಲೇ ಕ್ಷಾರವಿರುವ ಮಣ್ಣಿಗೆ ಇನ್ನಷ್ಟು ಸುಣ್ಣ ಉಣಿಸಿದಂತಾಗುತ್ತದೆ.

ತೋಡಿ ತೆಗೆದ ಎರೆಮಣ್ಣು ಮಾತ್ರ ಚಿನ್ನ. ತಿಪ್ಪೆಗೊಬ್ಬರ, ತುಸು ಮರಳು, ಬೇವಿನ ಹಿಂಡಿ ಬೆರೆಸಿ ಒಂದಡಿ ಎತ್ತರದ ಏರುಪಾತಿ ಮಾಡಿದ್ದೇನೆ. ಮಳೆಗಾಲದಲ್ಲಿ ಬೇರು ನೀರಿನಲ್ಲಿ ನಿಲ್ಲುವುದಿಲ್ಲ. ಪುಂಡಿಪಲ್ಯ, ಮೆಂತ್ಯ, ಸಬ್ಬಸಿಗೆ, ರಾಜಗಿರಿ, ಚವಳಿಕಾಯಿ, ಬದನೆ ಇವು ನಮ್ಮ ಬಿಸಿಲು, ನಮ್ಮ ಗಡಸು ನೀರು ಎರಡಕ್ಕೂ ಹೊಂದಿಕೊಂಡವು. ಹೀರೆಬಳ್ಳಿಗೆ ತೊಗರಿ ಕಟ್ಟಿಗೆಯ ಚಪ್ಪರ. ರಾಶಿ ಮುಗಿದ ಮೇಲೆ ಯಾವ ಊರಿನ ಹೊಲದಲ್ಲಾದರೂ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮೇಲಿನಿಂದ ಸುರಿದ ನೀರು ಬೇರು ಮುಟ್ಟುವ ಮೊದಲೇ ಆರಿಹೋಗುತ್ತದೆ. ಅದಕ್ಕೆ ಹೊಳಪಿಲ್ಲದ ಮಣ್ಣಿನ ಗಡಿಗೆಗಳನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಫರಸಿ ಚೂರು ಮುಚ್ಚಿದ್ದೇನೆ. ಗಡಿಗೆಯ ಮೈಯಿಂದ ಜಿನುಗಿದಷ್ಟನ್ನೇ ಸುತ್ತಲಿನ ಗಿಡ ಎಳೆದುಕೊಳ್ಳುತ್ತದೆ. ಪಾತಿಯ ಮೇಲೆ ಬೇವಿನ ತರಗೆಲೆಯ ಹೊದಿಕೆ. ಮುಸುರೆ ತೊಳೆದ ನೀರು ಕಾಲುವೆಯ ಪಕ್ಕದ ಬಾಳೆಗೆ ಹೋಗುತ್ತದೆ, ಸೊಪ್ಪಿನ ಪಾತಿಗೆ ಅದನ್ನು ಬಿಡುವುದಿಲ್ಲ.

ಕೆಲಸಕ್ಕೆ ಕೈಹಾಕುವವರಿಗೆ ಕಾಲದ ಬಗ್ಗೆ ಒಂದು ಮಾತು. ಸಂಕ್ರಾಂತಿ ಕಳೆದ ಮೇಲೆ ಕಟ್ಟೆ ಬಿಚ್ಚಿ, ಯುಗಾದಿಯೊಳಗೆ ಹಾಸು ಮುಗಿಸಿ. ಹಣ್ಣಿನ ಗಿಡ ನೆಡಲು ಮೃಗಶಿರ ಮಳೆ ಬೀಳುವವರೆಗೆ ಕಾಯಿರಿ. ಆಮೇಲೆ ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಮಾಳಿಗೆಯ ಪೈಪಿನಿಂದ ಬೇವಿನ ಎಲೆ ತೆಗೆಯಬೇಕು, ಕಟ್ಟೆಯಡಿಯ ಪೈಪಿನ ಬಾಯಿಗೆ ಕಟ್ಟಿದ ಜಾಳಿಗೆಯನ್ನು ಬಿಚ್ಚಿ ತೊಳೆಯಬೇಕು, ಬಿರಿದ ಸಂದುಗಳಿಗೆ ಸುಣ್ಣದ ಗಾರೆ ತುಂಬಬೇಕು. ಗೌಂಡಿಯನ್ನು ಕರೆಸುವ ಅಗತ್ಯವಿಲ್ಲ. ಒಂದು ಬೋಗುಣಿ ಗಾರೆ, ಒಂದು ಕರಣಿ ಇದ್ದರೆ ಮನೆಯವರೇ ಮಾಡಿಕೊಳ್ಳಬಹುದು.