ಉತ್ತರದ ಊರುಗಳ ವಿಮಾನ ದೂರ: ಅಕ್ಷಾಂಶ ಕಳೆಯಿರಿ, 111ರಿಂದ ಗುಣಿಸಿ
ಧ್ರುವದ ಕಡೆಯ ಎರಡು ವಿಮಾನ ನಿಲ್ದಾಣಗಳ ದೂರ ಬೇಕಾದರೆ ಮ್ಯಾಪ್ ಮೇಲೆ ಬೆರಳಿಟ್ಟು ಅಳೆಯಬೇಡಿ. ಒಂದೂರಿನ ನೇರ ಉತ್ತರಕ್ಕೆ ಇನ್ನೊಂದು ಇದ್ದರೆ ಅಕ್ಷಾಂಶಗಳನ್ನು ಕಳೆದು 111ರಿಂದ ಗುಣಿಸಿ, ಕಿಲೋಮೀಟರ್ ಸಿಕ್ಕಿತು. ಅದನ್ನು 800ರಿಂದ ಭಾಗಿಸಿ, ಏರಿಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿದರೆ ಜೆಟ್ ವಿಮಾನದ ಸಮಯ. ನಾರ್ವೆಯ ಟ್ರೋಮ್ಸೊ 69.7 ಡಿಗ್ರಿ, ನಾರ್ವೆಯದೇ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಲಾಂಗ್‌ಇಯರ್‌ಬ್ಯೇನ್ 78.2. ವ್ಯತ್ಯಾಸ ಎಂಟೂವರೆ, ಅಂದರೆ ಸುಮಾರು 950 ಕಿ.ಮೀ., ಒಂದೂಮುಕ್ಕಾಲು ಗಂಟೆಯ ಒಳಗೆ. ಚಪ್ಪಟೆ ಮ್ಯಾಪ್ ಧ್ರುವದ ಹತ್ತಿರ ಎಲ್ಲವನ್ನೂ ದೋಸೆ ಹಿಟ್ಟಿನ ಹಾಗೆ ಎಳೆದು ಅಗಲ ಮಾಡುತ್ತದೆ. ಅಕ್ಷಾಂಶದ ಒಂದು ಡಿಗ್ರಿ ಮಾತ್ರ ಎಲ್ಲೇ ಆದರೂ ಹೆಚ್ಚುಕಡಿಮೆ 111 ಕಿ.ಮೀ. ಪೂರ್ವ-ಪಶ್ಚಿಮಕ್ಕೆ ಈ ಲೆಕ್ಕ ಕೈಕೊಡುತ್ತದೆ. ರೇಖಾಂಶದ ಡಿಗ್ರಿ 60ರ ಅಕ್ಷಾಂಶದಲ್ಲಿ ಅರ್ಧಕ್ಕೆ, ಸುಮಾರು 55 ಕಿ.ಮೀ.ಗೆ ಇಳಿದಿರುತ್ತದೆ, 70ರಲ್ಲಿ ಬರೀ 38. ಕೆನಡಾದ ವೈಟ್‌ಹಾರ್ಸ್ ಮತ್ತು ಯೆಲ್ಲೋನೈಫ್ ನಡುವೆ 20 ಡಿಗ್ರಿಗೂ ಜಾಸ್ತಿ ಇದೆ, ಆದರೆ ದೂರ 1,100 ಕಿ.ಮೀ. ಆಸುಪಾಸು ಅಷ್ಟೇ. 111 ಹಾಕಿದರೆ ಸುಮ್ನೆ ಎರಡರಷ್ಟು ಬರುತ್ತದೆ! ಫ್ಯಾನ್ ತಿರುಗುವ ಸಣ್ಣ ವಿಮಾನವಾದರೆ 800ರ ಬದಲು 500 ಹಿಡಿಯಿರಿ. ಅದು ದಾರಿಯಲ್ಲಿ ಮೂರು ಕಡೆ ನಿಲ್ಲುವ ಕೆಂಪು ಬಸ್ಸಿನಂಥ ಸರ್ವಿಸ್ ಆದರೆ ಯಾವ ಲೆಕ್ಕವೂ ನಡೆಯಲ್ಲ, ಟೈಮ್‌ಟೇಬಲ್ಲೇ ಗತಿ. ಅಂದಹಾಗೆ ಸ್ವಾಲ್ಬಾರ್ಡ್ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ವಲಯ) ಹೊರಗಿದೆ. ಭಾರತದ ಪಾಸ್‌ಪೋರ್ಟ್‌ನವರು ನಾರ್ವೆಯ ಮುಖ್ಯ ಭೂಭಾಗಕ್ಕೆ ವಾಪಸ್ ಬರಲು ಎರಡು ಸಲ ಒಳಬರುವ ವೀಸಾ ಮಾಡಿಸಿಕೊಳ್ಳಬೇಕು.